ಗಾಂಜಾ ಬಿಡಿಸಬೇಕಾ, ತಲೆಗೆ ಮದ್ದು ಮಾಡಿಸಬೇಕಾ?

ಓದುಗರ ಪ್ರಶ್ನೆ, ಮನೋವೈದ್ಯೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೂರೂ ನಮ್ಮ ಜಿಲ್ಲೆಯಿಂದಲೇ ಬಂದವು. ಮೂರರಲ್ಲೂ ನಶೆ ಇದೆ, ಅದರ ಜೊತೆಗೇ ಮನಸ್ಸಿನ ತೊಂದರೆಯೂ ಇದೆ. ಬರೆದವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ನನ್ನ ತಮ್ಮನಿಗೆ 23 ವರ್ಷ. ಐಟಿಐ ಮುಗಿಸಿ ಗೋವಾಕ್ಕೆ ಹೋಟೆಲ್ ಕೆಲಸಕ್ಕೆ ಹೋದ. ಅಲ್ಲಿ ರೂಮಿನ ಹುಡುಗರ ಜೊತೆ ಗಾಂಜಾ ಸೇದುವುದು ಕಲಿತ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಮನೆಗೆ ಬಂದವನು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ರಾತ್ರಿಯೆಲ್ಲ ಒಬ್ಬನೇ ಮಾತಾಡುತ್ತಾನೆ. ಮೊಬೈಲಿನಲ್ಲಿ ಯಾರೋ ತನ್ನ ಮಾತು ಕದ್ದು ಕೇಳುತ್ತಿದ್ದಾರೆ ಎಂದು ಎರಡು ಫೋನ್ ಬಾವಿಗೆ ಎಸೆದ. ಆಯಿ ಬಡಿಸಿದ ಅನ್ನದಲ್ಲಿ ಏನೋ ಬೆರೆಸಿದ್ದಾರೆ ಎಂದು ಊಟ ಬಿಡುತ್ತಾನೆ. ಒಮ್ಮೆ ಅಪ್ಪನ ಮೇಲೆ ಕೈ ಮಾಡಿದ.

ಮೊದಲು ದೇವರ ನುಡಿ ಕೇಳಿದೆವು, ಹರಕೆ ಹೊತ್ತೆವು. ಆಮೇಲೆ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಮೂರು ತಿಂಗಳು ಇಟ್ಟೆವು. ಅಲ್ಲಿ ಬೀಡಿಯೂ ಸಿಗುತ್ತಿರಲಿಲ್ಲ. ಎರಡನೇ ತಿಂಗಳು ನೋಡಲು ಹೋದಾಗ ನನ್ನ ಕಿವಿಯಲ್ಲಿ ‘ಅಕ್ಕಾ, ಇಲ್ಲಿ ಗೋಡೆಯೊಳಗೂ ಮೈಕ್ ಇಟ್ಟಿದ್ದಾರೆ’ ಅಂದ. ಅಲ್ಲಿಯವರನ್ನು ಕೇಳಿದರೆ, ‘ನಮ್ಮದು ಚಟ ಬಿಡಿಸುವ ಕೆಲಸ. ತಲೆಯದ್ದು ನೀವು ಬೇರೆ ಕಡೆ ತೋರಿಸಿ’ ಅಂದರು. ಮನೆಗೆ ಬಂದ ಮೂರು ವಾರಕ್ಕೆ ಮತ್ತೆ ಸೇದಿದ. ಇನ್ನೊಂದು ಕಡೆ ಮನೋವೈದ್ಯರಿಗೆ ತೋರಿಸಿದರೆ, ‘ಗಾಂಜಾ ಪೂರ್ತಿ ಬಿಟ್ಟ ಮೇಲೆ ಕರೆದುಕೊಂಡು ಬನ್ನಿ’ ಅಂದರು. ಅಪ್ಪ ಈಗ ಕಟ್ಟಿಹಾಕುವ ಮಾತಾಡುತ್ತಾರೆ. ದೊಡ್ಡಪ್ಪ, ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುತ್ತಾರೆ. ಐಟಿಐ ಎರಡನೇ ವರ್ಷದಲ್ಲೇ ಅವನು ಕ್ರಿಕೆಟ್ ಬಿಟ್ಟು, ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದ. ಓದಿನ ಟೆನ್ಶನ್ ಇರಬೇಕು ಅಂದುಕೊಂಡಿದ್ದೆವು. ಇದು ಗಾಂಜಾದಿಂದ ಆದದ್ದಾ, ಹುಚ್ಚಾ? ಮೊದಲು ಯಾವುದಕ್ಕೆ ಮದ್ದು ಮಾಡಿಸಬೇಕು? ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದಾ?
– ಹೆಸರು ಬೇಡ, ಅಂಕೋಲಾ

ಉತ್ತರ: ತಂಗೀ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ‘ಮೊದಲು ಯಾವುದಕ್ಕೆ’ ಎಂದು ಕೇಳಿದ್ದೀರಿ. ಎರಡಕ್ಕೂ ಒಟ್ಟಿಗೇ, ಒಂದೇ ಜಾಗದಲ್ಲಿ, ಈ ವಾರವೇ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಬನ್ನಿ ಎಂದು ನಿಮ್ಮನ್ನು ಎರಡು ಕಡೆಯಿಂದ ವಾಪಸ್ ಕಳಿಸಿದ್ದು ತಪ್ಪು. ಆ ತಪ್ಪು ನಿಮ್ಮದಲ್ಲ, ನಿಮ್ಮ ತಮ್ಮನದೂ ಅಲ್ಲ.

ಇಷ್ಟು ಗಟ್ಟಿಯಾಗಿ ಹೇಳಲು ಒಂದು ಕಾರಣ ಇದೆ. ನನ್ನ ಸೋದರಮಾವ ಬೋಟಿನಲ್ಲಿ ದುಡಿಯುತ್ತಿದ್ದರು. ವರ್ಷದಲ್ಲಿ ಒಂದೆರಡು ತಿಂಗಳು ಅವರಿಗೆ ನಿದ್ದೆಯೇ ಬೇಡ. ಹಗಲು ರಾತ್ರಿ ಮಾತು, ಹೊಸ ಬೋಟ್ ಕೊಳ್ಳುತ್ತೇನೆ ಎಂದು ಸಾಲ, ಕಂಡವರಿಗೆಲ್ಲ ದುಡ್ಡು ಹಂಚುವುದು. ಆಮೇಲೆ ಕೆಲವು ತಿಂಗಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕುಡಿತ ಎರಡೂ ಕಾಲದಲ್ಲಿ ಇತ್ತು. ‘ಕುಡಿದರೆ ತಲೆಯೊಳಗಿನ ಓಟ ನಿಲ್ತದೆ’ ಅನ್ನುತ್ತಿದ್ದರು. ಊರಿಗೆಲ್ಲ ಕಂಡದ್ದು ಕುಡಿತ ಮಾತ್ರ. ಒಂದು ಆಸ್ಪತ್ರೆಯಲ್ಲಿ ‘ಕುಡಿತ ಬಿಟ್ಟು ಬಾ’ ಅಂದರು. ಕುಡಿತ ಬಿಡಿಸುವ ಕಡೆ ‘ಇವರ ತಲೆ ಸರಿ ಇಲ್ಲ, ನಮ್ಮಲ್ಲಿ ಆಗುವುದಿಲ್ಲ’ ಅಂದರು. ಹುಬ್ಬಳ್ಳಿಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಆಗ ನಾನು ಪಿಯುಸಿ. ಅರಬೈಲ್ ಘಟ್ಟ ಇಳಿಯುವವರೆಗೂ ಮಾವ ಒಂದು ಮಾತಾಡಲಿಲ್ಲ. ಇಳಿದ ಮೇಲೆ, ‘ನನ್ನನ್ನು ಯಾವ ಬಾಗಿಲಲ್ಲೂ ಒಳಗೆ ಬಿಡೂದಿಲ್ಲ ಅಲ್ವಾ?’ ಅಂದರು. ಅವರಿಗೆ ಇದ್ದದ್ದು ಬೈಪೋಲಾರ್ ಕಾಯಿಲೆ. ಅದಕ್ಕೆ ಆಗಲೂ ಒಳ್ಳೆಯ ಮಾತ್ರೆ ಇತ್ತು. ಅದರ ಹೆಸರನ್ನೂ ಕೇಳದೆ ಲಿವರ್ ಹಾಳಾಗಿ 44ನೇ ವಯಸ್ಸಿಗೆ ಹೋದರು. ನಾನು ಈ ವಿಷಯವನ್ನೇ ಆರಿಸಿ ಓದಿದ್ದು ಆಮೇಲೆ.

ಈಗ ನಿಮ್ಮ ತಮ್ಮನ ವಿಷಯ. ಮುಖ ನೋಡದೆ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ. ಹೆಸರನ್ನು ಅವನನ್ನು ನೋಡುವ ಡಾಕ್ಟರು ಹೇಳಲಿ. ಆದರೆ ನಿಮ್ಮ ಪತ್ರದಲ್ಲಿ ಎರಡು ಸಾಲು ಬಹಳ ಮುಖ್ಯ. ಒಂದು, ಕೇಂದ್ರದಲ್ಲಿ ಎರಡನೇ ತಿಂಗಳು ಗೋಡೆಯ ಮೈಕಿನ ಮಾತು. ಗಾಂಜಾದ ಕಾರಣಕ್ಕೇ ಬಂದ ಸಂಶಯ, ಭ್ರಮೆ, ಕಿವಿಯಲ್ಲಿ ಧ್ವನಿ ಕೇಳುವುದು ಇವೆಲ್ಲ ಸಾಮಾನ್ಯವಾಗಿ ಗಾಂಜಾ ನಿಂತ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಸುಮಾರು ಒಂದು ತಿಂಗಳಲ್ಲಿ ಕಮ್ಮಿಯಾಗುತ್ತವೆ. ನಿಮ್ಮ ತಮ್ಮ ಗಾಂಜಾ ಮುಟ್ಟದೆ ಅಷ್ಟು ದಿನ ಆದಮೇಲೂ ಭ್ರಮೆ ಹಾಗೇ ಇತ್ತು. ಎರಡು, ಗೋವಾಕ್ಕೆ ಹೋಗುವ ಮೊದಲೇ ಕ್ರಿಕೆಟ್ ಬಿಟ್ಟದ್ದು, ಕಿಟಕಿ ಮುಚ್ಚಿಕೊಂಡದ್ದು. ಸ್ಕಿಜೋಫ್ರೇನಿಯಾ ಅಂದರೆ ಭ್ರಮೆ, ಸಂಶಯ ಕಾಡುವ, ಇಲ್ಲದ ಧ್ವನಿ ಕೇಳಿಸುವ ಮನಸ್ಸಿನ ಕಾಯಿಲೆ. ಅಂತಹ ಕಾಯಿಲೆ ಹುಡುಗರಲ್ಲಿ ಹೆಚ್ಚಾಗಿ ಶುರುವಾಗುವುದು ಹದಿನೆಂಟು ಇಪ್ಪತ್ತರ ಆಸುಪಾಸಿನಲ್ಲೇ. ಮೊದಲು ಬರುವುದು ಧ್ವನಿ, ಕೂಗಾಟ ಅಲ್ಲ. ಮೊದಲು ಗೆಳೆಯರು ಬಿಟ್ಟುಹೋಗುತ್ತಾರೆ, ಆಟ ಬಿಟ್ಟುಹೋಗುತ್ತದೆ, ಸ್ನಾನ ಬೇಡವಾಗುತ್ತದೆ. ಮನೆಯವರು ‘ಟೆನ್ಶನ್’ ಅಂದುಕೊಳ್ಳುತ್ತಾರೆ. ಎಲ್ಲರೂ ಹಾಗೇ ಅಂದುಕೊಳ್ಳುವುದು. ನಿಮಗೆ ಗೊತ್ತಾಗಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ.

ಹಾಗಾಗಿ ಅವನಿಗೆ ಗಾಂಜಾ ಚಟವೂ ಇದೆ, ಅದರಿಂದ ಬೇರೆಯಾಗಿ ನಿಲ್ಲುವ ಒಂದು ಮಾನಸಿಕ ಕಾಯಿಲೆಯೂ ಇದೆ ಎಂಬ ಅನುಮಾನ ನನಗೆ ಬಲವಾಗಿದೆ. ಇದನ್ನು ನಾನು ರೋಗಿಗಳ ಮನೆಯವರಿಗೆ ಜೋಡಿ ಕಾಯಿಲೆ ಅಂತಲೇ ಹೇಳುವುದು. ಇದು ಅಪರೂಪ ಅಲ್ಲವೇ ಅಲ್ಲ. ಅಮೆರಿಕದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಮಾಡಿದ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ 1990ರಲ್ಲಿ ಬಂತು. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ನೂರಕ್ಕೆ 47 ಜನರಿಗೆ ಬದುಕಿನಲ್ಲಿ ಯಾವಾಗಲಾದರೂ ಕುಡಿತದ ಅಥವಾ ಬೇರೆ ನಶೆಯ ಕಾಯಿಲೆ ಇತ್ತು. ಕುಡಿತ ಅಲ್ಲದ ಬೇರೆ ನಶೆಯ ಚಟ ಇದ್ದವರನ್ನು ನೋಡಿದರೆ, ಅವರಲ್ಲಿ ನೂರಕ್ಕೆ 53 ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅರ್ಧಕ್ಕರ್ಧ ಜನರಲ್ಲಿ ಎರಡೂ ಕೂಡಿಯೇ ಇರುವಾಗ ‘ಅದನ್ನು ಬಿಟ್ಟು ಬಾ’ ಅಂದರೆ ಅವರು ಹೋಗುವುದೆಲ್ಲಿಗೆ?

ಯಾವುದರಿಂದ ಯಾವುದು ಬಂತು ಎಂದು ಮನೆಗಳಲ್ಲಿ ದೊಡ್ಡ ಜಗಳವೇ ಆಗುತ್ತದೆ. ಗೋವಾಕ್ಕೆ ಕಳಿಸಿದ್ದು ಯಾರು, ದುಡ್ಡು ಕೊಟ್ಟದ್ದು ಯಾರು ಅಂತ. ಗಾಂಜಾಕ್ಕೂ ಈ ಕಾಯಿಲೆಗೂ ನಂಟು ಇರುವುದು ಖಂಡಿತ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರುವ ವಯಸ್ಸಿನ ಸುಮಾರು 45 ಸಾವಿರ ಹುಡುಗರನ್ನು 15 ವರ್ಷ ಗಮನಿಸಿದರು. 18ರ ಹೊತ್ತಿಗೆ 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಕಾಣಿಸಿಕೊಂಡದ್ದು ಸೇದದವರಿಗಿಂತ ಆರು ಪಟ್ಟು. 1987ರಲ್ಲಿ ಇದು ಪ್ರಕಟವಾಯಿತು. ಆದರೆ ಅದೇ ಹುಡುಗರಲ್ಲಿ ಸೇದಿದ ಬಹುಪಾಲು ಜನರಿಗೆ ಕಾಯಿಲೆ ಬರಲಿಲ್ಲ. ಅಂದರೆ ಒಳಗೆ ಕಾಯಿಲೆಯ ಬೀಜ ಇದ್ದವರಿಗೆ ಗಾಂಜಾ ಬೇಗ ನೀರು ಹಾಕುತ್ತದೆ. ಉಲ್ಟಾ ದಾರಿಯೂ ಇದೆ. ಕಿವಿಯೊಳಗಿನ ಬೈಗುಳ ತಾಳಲಾರದೆ, ನಿದ್ದೆ ಬಾರದೆ ಸೇದಲು ಶುರು ಮಾಡಿದವರನ್ನು ನಾನು ಎಷ್ಟೋ ನೋಡಿದ್ದೇನೆ. ‘ಸೇದಿದ ಅರ್ಧ ಗಂಟೆ ಆರಾಮ, ಆಮೇಲೆ ಡಬಲ್’ ಎಂದು ಒಬ್ಬ ಹುಡುಗ ಹೇಳಿದ್ದ. ನಿಮ್ಮ ಕಡೆ ಗಜನಿ ಗದ್ದೆ ನೋಡಿರುತ್ತೀರಿ. ಕಟ್ಟೆ ಒಡೆದ ದಿನ ಹೊಳೆ ನೀರೂ ಉಪ್ಪು ನೀರೂ ಕೂಡಿ ನುಗ್ಗುತ್ತವೆ. ಯಾವ ನೀರು ಮೊದಲು ಬಂತು ಎಂದು ಕೇಳುತ್ತಾ ಯಾರೂ ದಂಡೆಯ ಮೇಲೆ ನಿಲ್ಲುವುದಿಲ್ಲ. ಮೊದಲು ಕಟ್ಟೆ ಕಟ್ಟುತ್ತಾರೆ.

ಹಾಗಂತ ಯಾವುದು ಮೊದಲು ಎಂಬ ಪ್ರಶ್ನೆ ಡಾಕ್ಟರಿಗೆ ಬೇಡ ಅಂತಲ್ಲ. ಮುಂದೆ ಎಷ್ಟು ಕಾಲ ಮಾತ್ರೆ ಬೇಕು ಎಂದು ತೀರ್ಮಾನಿಸಲು ಬೇಕೇ ಬೇಕು. ಹೋಗುವ ಮೊದಲು ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಕಳೆದ ಐದು ವರ್ಷ ಬರೆದುಕೊಳ್ಳಿ. ನಮ್ಮ ಜನಕ್ಕೆ ತಾರೀಕು ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ನಾನು ನನ್ನ ಓಪಿಡಿಯಲ್ಲಿ ಹಾಗೇ ಕೇಳುವುದು. ‘ಬಂಡಿ ಹಬ್ಬಕ್ಕೆ ಮೊದಲಾ, ಆಮೇಲಾ? ಆ ವರ್ಷ ಶಿರಸಿ ಜಾತ್ರೆಗೆ ಎಲ್ಲರ ಜೊತೆ ಹೋಗಿದ್ದನಾ? ಬೋಟ್ ಬಂದ್ ಆದಮೇಲಾ?’ ಹೀಗೆ ಕೇಳಿದರೆ ಆಯಿ, ಅಪ್ಪ ಎಲ್ಲ ನೆನಪು ಮಾಡಿಕೊಂಡು ಹೇಳುತ್ತಾರೆ. ಒಂದು ಸಾಲಿನಲ್ಲಿ ನಿದ್ದೆ, ಸಂಶಯ, ಮಾತು ಬದಲಾದದ್ದು ಬರೆಯಿರಿ. ಕೆಳಗಿನ ಸಾಲಿನಲ್ಲಿ ಗಾಂಜಾ, ಕುಡಿತ ಇದ್ದ ಕಾಲ, ಇಲ್ಲದ ಕಾಲ ಬರೆಯಿರಿ. ಸಂಬಂಧಿಕರಲ್ಲಿ ಯಾರಿಗಾದರೂ ಇಂಥದ್ದು ಇತ್ತಾ ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ಒಂದು ಗಂಟೆ ಮಾತಾಡಿದರೂ ಸಿಗದ್ದು ಆ ಒಂದು ಪುಟದಲ್ಲಿ ನಮಗೆ ಸಿಗುತ್ತದೆ.

ಚಿಕಿತ್ಸೆ ಹೇಗಿರುತ್ತದೆ ಎಂದು ಹೇಳುತ್ತೇನೆ, ಹೆದರಿಕೆ ಕಮ್ಮಿಯಾಗಲಿ. ಮೊದಲು ರಕ್ತ ಪರೀಕ್ಷೆ, ಬೇಕಾದರೆ ತಲೆಯ ಸ್ಕ್ಯಾನ್. ಬೇರೆ ಕಾಯಿಲೆ ಹೀಗೆ ವೇಷ ಹಾಕಿ ಬಂದಿಲ್ಲ ಎಂದು ನೋಡಬೇಕು. ಸಂಶಯ, ಧ್ವನಿ ಕಮ್ಮಿ ಮಾಡುವ ಮಾತ್ರೆ ಮೊದಲ ದಿನದಿಂದಲೇ ಶುರುವಾಗುತ್ತದೆ. ಮಾತ್ರೆ ನುಂಗುವುದೇ ದೊಡ್ಡ ಜಗಳ ಆಗುವ ಮನೆಗಳಿಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನೂ ಇದೆ, ಕೇಳಿ. ಗಾಂಜಾ ಚಟಕ್ಕೆ ಅಂತಲೇ ಒಂದು ಮಾತ್ರೆ ಇನ್ನೂ ಇಲ್ಲ. ಬಿಟ್ಟ ಮೊದಲ ವಾರ ಸಿಟ್ಟು, ಚಡಪಡಿಕೆ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ಹೆಚ್ಚಿನವರಿಗೆ ಎರಡು ವಾರದಲ್ಲಿ ಇಳಿಯುತ್ತದೆ. ಆ ಸಿಟ್ಟನ್ನು ಮನೆಯವರು ಕಾಯಿಲೆ ಜೋರಾಯಿತು ಎಂದು ತಿಳಿದು ಗಾಬರಿಯಾಗುತ್ತಾರೆ. ಉಳಿದದ್ದೆಲ್ಲ ಮಾತಿನ ಕೆಲಸ. ಅವನು ಯಾಕೆ ಸೇದುತ್ತಾನೆ, ಸೇದಿದಾಗ ಏನು ಸಿಗುತ್ತದೆ, ಅದು ಬೇರೆ ಹೇಗೆ ಸಿಕ್ಕೀತು ಎಂದು ವಾರವಾರ ಕೂತು ಮಾತಾಡಬೇಕು. ಬೈದು ಬಿಡಿಸಿದ ಚಟವನ್ನು ನಾನು ನೋಡಿಲ್ಲ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಮನೆಯವರಿಗೆಲ್ಲ ಓದಿ ಹೇಳಿ. ಅವನು ಮತ್ತೆ ಒಂದು ದಿನ ಸೇದಬಹುದು. ಆ ದಿನ ಭ್ರಮೆಯ ಮಾತ್ರೆ ನಿಲ್ಲಿಸಬೇಡಿ. ‘ಸೇದಿದ್ದಾನೆ, ಮಾತ್ರೆ ಕೊಟ್ಟರೆ ವಿಷ ಆಗುತ್ತದೆ’ ಎಂಬ ಮಾತು ಊರಲ್ಲಿ ಇದೆ. ಒಂದು ದಿನ ಸೇದಿದ ಕಾರಣಕ್ಕೆ ಹದಿನೈದು ದಿನ ಮಾತ್ರೆ ಬಿಟ್ಟು, ಪೂರ್ತಿ ಹದಗೆಟ್ಟು ಬಂದ ಹುಡುಗರು ನನ್ನ ವಾರ್ಡಿನಲ್ಲಿ ಎಷ್ಟೋ ಜನ. ಡಾಕ್ಟರಿಗೆ ಫೋನ್ ಮಾಡಿ ಹೇಳಿ, ಮಾತ್ರೆ ಮುಂದುವರಿಸಿ. ಕುಡಿದು ಬಂದಾಗ ಮಾತ್ರ ನಿದ್ದೆ ಮಾತ್ರೆ ಕೊಡಬೇಡಿ. ಎರಡೂ ಸೇರಿದರೆ ಉಸಿರಾಟಕ್ಕೇ ತೊಂದರೆ.

ಬೀಡಿಯ ಲೆಕ್ಕವನ್ನೂ ಡಾಕ್ಟರಿಗೆ ಹೇಳಿ. ಸುಮ್ನೆ ಹೇಳುತ್ತಿಲ್ಲ. ಭ್ರಮೆ ಕಮ್ಮಿ ಮಾಡುವ ಓಲಾನ್ಜಪೀನ್, ಕ್ಲೋಜಪೀನ್ ಎಂಬ ಮಾತ್ರೆಗಳಿವೆ. ಹೊಗೆ ಎಳೆಯುವವರ ಲಿವರ್ ಇವುಗಳನ್ನು ಬೇಗ ಕರಗಿಸಿಬಿಡುತ್ತದೆ. ಬೀಡಿ ಸಿಗದ ಕಡೆ ಅಡ್ಮಿಟ್ ಆಗಿದ್ದಾಗ ಸರಿಯಾಗಿದ್ದ ಡೋಸ್, ಮನೆಗೆ ಬಂದು ದಿನಕ್ಕೆ ಎರಡು ಕಟ್ಟು ಬೀಡಿ ಸೇದಿದರೆ ಸಾಲದೆ ಹೋಗುತ್ತದೆ. ಒಮ್ಮೆಲೇ ಬೀಡಿ ಬಿಟ್ಟರೆ ಅದೇ ಡೋಸ್ ಜಾಸ್ತಿಯಾಗಿ ತೂಕಡಿಕೆ ಶುರುವಾಗುತ್ತದೆ. ‘ಆಸ್ಪತ್ರೆಯಲ್ಲಿ ಚೆನ್ನಾಗಿದ್ದ, ಮನೆಗೆ ಬಂದಕೂಡಲೇ ಕೆಟ್ಟ’ ಎಂದು ಅನೇಕರು ಹೇಳುವುದರ ಹಿಂದೆ ಎಷ್ಟೋ ಸಲ ಇಂಥ ಸಣ್ಣ ಕಾರಣ ಇರುತ್ತದೆ.

ಪೊಲೀಸರ ಹೆದರಿಕೆ ಬಿಡಿ. ಚಿಕಿತ್ಸೆಗೆ ಬಂದವನನ್ನು ಹಿಡಿದುಕೊಡುವುದು ಡಾಕ್ಟರ ಕೆಲಸವಲ್ಲ. 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತುಗಳ ಕಾನೂನಿನಲ್ಲೂ, ಸೇವನೆಯ ಕೇಸ್ ಬಿದ್ದ ವ್ಯಸನಿ ತಾನಾಗಿ ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋದರೆ ಅವನಿಗೆ ರಕ್ಷಣೆ ಕೊಡುವ 64ಎ ಎಂಬ ಕಲಂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ಮಾನಸಿಕ ಕಾಯಿಲೆ ಎಂಬುದರೊಳಗೆ ಕುಡಿತ ಮತ್ತು ನಶೆಯಿಂದ ಬರುವ ಮನಸ್ಸಿನ ತೊಂದರೆಗಳನ್ನೂ ಸೇರಿಸಿದೆ. ಕಾನೂನೇ ಎರಡನ್ನೂ ಒಂದೇ ಸೂರಿನ ಕೆಳಗೆ ತಂದಿರುವಾಗ ನಿಮ್ಮನ್ನು ಅತ್ತಿಂದಿತ್ತ ಕಳಿಸಿದ್ದು ನನಗೆ ಸಿಟ್ಟು ತರಿಸುತ್ತದೆ. ಸರಪಳಿ ಹಾಕುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ಅಪ್ಪನಿಗೆ ಇದನ್ನು ಮೆತ್ತಗೆ ಹೇಳಿ. ಅವರು ಕೆಟ್ಟವರಲ್ಲ, ಸೋತು ಹೋಗಿದ್ದಾರೆ. ಮುಂದೆ ಯಾವುದಾದರೂ ಕೇಂದ್ರಕ್ಕೆ ಸೇರಿಸುವುದಿದ್ದರೆ ಮೂರು ಪ್ರಶ್ನೆ ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ? ಮನೋವೈದ್ಯರು ಬಂದು ನೋಡುತ್ತಾರಾ? ಮನೆಯವರು ಬಂದು ಮಾತಾಡಬಹುದಾ? ಒಂದಕ್ಕೆ ‘ಇಲ್ಲ’ ಅಂದರೂ ವಾಪಸ್ ಬನ್ನಿ.

ಮದುವೆ ಬೇಡ. ಈಗ ಬೇಡವೇ ಬೇಡ. ಇನ್ನೊಂದು ಮನೆಯ ಹುಡುಗಿಯನ್ನು ಮಾತ್ರೆಯ ಬದಲಿಗೆ ತರಬೇಡಿ. ದೇವರಿಗೆ ಹೊತ್ತ ಹರಕೆ ತೀರಿಸಿ, ನುಡಿ ಕೇಳುವ ನಂಬಿಕೆ ಇದ್ದರೆ ಕೇಳಿ. ನಾನು ಅದಕ್ಕೆ ಅಡ್ಡ ಬರುವುದಿಲ್ಲ. ಅಲ್ಲಿಗೆ ಹೋಗಿ ಬಂದಮೇಲೆ ರಾತ್ರಿಯ ಮಾತ್ರೆ ತಪ್ಪದಿದ್ದರೆ ಸಾಕು.

ಮನೆಯಲ್ಲಿ ಅವನು ಮೈಕ್ ಇದೆ ಅಂದಾಗ ‘ಇಲ್ಲ’ ಎಂದು ವಾದ ಮಾಡಬೇಡಿ, ‘ಹೌದು’ ಅಂತಲೂ ಅನ್ನಬೇಡಿ. ‘ನಿನಗೆ ಹಾಗೆ ಕೇಳುತ್ತಿದೆ, ಹೆದರಿಕೆ ಆಗುತ್ತಿರಬೇಕು ಅಲ್ವಾ’ ಅಂದರೆ ಸಾಕು. ಕತ್ತಿ, ಕೊಡಲಿ ಕಣ್ಣಿಗೆ ಬೀಳದ ಕಡೆ ಇಡಿ. ಅನ್ನದ ಸಂಶಯ ಇದ್ದರೆ ಎಲ್ಲರೂ ಒಂದೇ ಪಾತ್ರೆಯಿಂದ ಅವನ ಎದುರಿಗೇ ಬಡಿಸಿಕೊಳ್ಳಿ. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತೆ ಆಗುವುದಿಲ್ಲ. ಅಡ್ಮಿಟ್ ಆಗಿ ಮನೆಗೆ ಬಂದ ಮೊದಲ ಕೆಲವು ವಾರ ಈ ಅಪಾಯ ಜಾಸ್ತಿ, ಆಗ ಒಬ್ಬನನ್ನೇ ಬಿಡಬೇಡಿ.

ಎಲ್ಲಿಗೆ ಹೋಗಬೇಕು ಅಂದರೆ, ನಿಮಗೆ ಹತ್ತಿರ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ಅಲ್ಲಿ ಮನೋರೋಗ ವಿಭಾಗ ಎಂದು ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ, ಯಾವ ದಿನ ಎಂದು ವಿಚಾರಿಸಿ. ಅಡ್ಮಿಟ್ ಮಾಡಿ ತಿಂಗಳುಗಟ್ಟಲೆ ನೋಡಬೇಕಾದರೆ ಧಾರವಾಡದ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ ಚಿಕಿತ್ಸೆಗೆಂದೇ ಬೇರೆ ಕೇಂದ್ರ ಇದೆ, ಮಾನಸಿಕ ಕಾಯಿಲೆಯ ವೈದ್ಯರೂ ಅದೇ ಆವರಣದಲ್ಲಿ ಇದ್ದಾರೆ. ಇವತ್ತು ರಾತ್ರಿಯೇ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಯಲ್ಲಿ ಯಾರಾದರೂ ‘ಮೊದಲು ಗಾಂಜಾ ಬಿಟ್ಟು ಬಾ’ ಅಂದರೆ ಎದ್ದು ಬರಬೇಡಿ. ‘ಎರಡೂ ಒಟ್ಟಿಗೆ ನೋಡಿ’ ಎಂದು ಕುರ್ಚಿಯಲ್ಲೇ ಕೂತು ಕೇಳಿ.

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನಲ್ಲಿ ಅಡಿಕೆ ತೋಟ. ನಮ್ಮನೆಯವರಿಗೆ 46. ಮೊದಲು ಹಬ್ಬಕ್ಕೆ, ಮದುವೆ ಮನೆಗೆ ಹೋದಾಗ ಕುಡಿಯುತ್ತಿದ್ದರು. ಈಗ ಬೆಳಿಗ್ಗೆ ಎದ್ದಕೂಡಲೇ ಕೈ ನಡುಗುತ್ತದೆ, ಕುಡಿದರೆ ನಿಲ್ಲುತ್ತದೆ. ತೋಟಕ್ಕೆ ಹೋಗುವುದಿಲ್ಲ, ಯಾರ ಹತ್ತಿರವೂ ಮಾತಿಲ್ಲ. ‘ನಾನು ಇದ್ದು ಏನು ಪ್ರಯೋಜನ’ ಅನ್ನುತ್ತಾರೆ. ಪರಿಚಯದವರೊಬ್ಬರು ಕುಡಿತ ಬಿಡಿಸುವ ಮಾತ್ರೆ ತಂದುಕೊಟ್ಟರು. ಪುಡಿ ಮಾಡಿ ಅವರಿಗೆ ತಿಳಿಯದ ಹಾಗೆ ಕಷಾಯದಲ್ಲಿ ಹಾಕುತ್ತಿದ್ದೇನೆ. ಮೊನ್ನೆ ಕುಡಿದಾಗ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು ಬಿದ್ದುಬಿಟ್ಟರು. ಮುಂದುವರಿಸಲಾ?
– ಹೆಸರು ಬೇಡ, ಶಿರಸಿ

ಉತ್ತರ: ಅಕ್ಕಾ, ಇವತ್ತಿಂದಲೇ ನಿಲ್ಲಿಸಿ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಡೈಸಲ್ಫಿರಾಮ್ ಇರಬೇಕು. ಆ ಮಾತ್ರೆ ತಿಂದವರು ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿ, ಬಿಪಿ ಇಳಿಯುತ್ತದೆ, ಜೀವಕ್ಕೇ ಅಪಾಯ ಆಗಬಹುದು. ಅದು ಕೆಟ್ಟ ಮಾತ್ರೆ ಅಲ್ಲ. ಆದರೆ ತಾನು ಅದನ್ನು ತಿನ್ನುತ್ತಿದ್ದೇನೆ ಎಂದು ಗೊತ್ತಿದ್ದು, ಒಪ್ಪಿ, ಹೃದಯ ಮತ್ತು ಲಿವರ್ ಪರೀಕ್ಷೆ ಮಾಡಿಸಿಕೊಂಡವರಿಗೆ ಮಾತ್ರ. ಗುಟ್ಟಾಗಿ ಹಾಕಿದರೆ ಅವರು ಗೊತ್ತಿಲ್ಲದೆ ಕುಡಿಯುತ್ತಾರೆ, ಮೊನ್ನೆ ಆದದ್ದು ಅದೇ. ಭ್ರಮೆಯ ಕಾಯಿಲೆ ಇದ್ದವರಲ್ಲಿ ಈ ಮಾತ್ರೆ ಅದನ್ನು ಹೆಚ್ಚು ಮಾಡುವುದೂ ಉಂಟು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಮೈಯಲ್ಲಿರಬಹುದು. ಹಾಗಾಗಿ ಕಷಾಯದ ವಿಷಯ ಡಾಕ್ಟರಿಗೆ ಹೇಳಿ, ನಿಮ್ಮ ಯಜಮಾನರಿಗೂ ಹೇಳಿ. ಕಷ್ಟ, ನನಗೆ ಗೊತ್ತು. ನೀವು ಅವರನ್ನು ಉಳಿಸಿಕೊಳ್ಳಲು ಮಾಡಿದ್ದು.

ಹಾಗೆಂದು ‘ನಾಳೆಯಿಂದ ಒಂದು ಹನಿಯೂ ಇಲ್ಲ’ ಎಂದು ಮನೆಯಲ್ಲೇ ಕೂರಿಸಬೇಡಿ. ಬೆಳಿಗ್ಗೆ ಕೈ ನಡುಗುವವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಬೆವರು, ಜ್ವರ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಸತ್ತವರು ಬಂದು ಕರೆದಂತೆ ಆಗುವುದು. ನಮ್ಮ ಕಡೆ ಇದನ್ನು ಗಾಳಿ ಸೋಕಿದ್ದು ಎಂದು ಎರಡು ದಿನ ಕಳೆದುಬಿಡುತ್ತಾರೆ. ಅದು ಎಮರ್ಜೆನ್ಸಿ. ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿ, ಥಯಮಿನ್ ಎಂಬ ವಿಟಮಿನ್ ಕೊಟ್ಟು, ನಡುಕಕ್ಕೆ ಮಾತ್ರೆ ಕೊಟ್ಟು ನಿಧಾನ ಇಳಿಸಬೇಕು.

ಬೇಜಾರಿನ ವಿಷಯ. ಕುಡಿತದಿಂದಲೇ ಬಂದ ಖಿನ್ನತೆ ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ಎಷ್ಟೋ ತಿಳಿಯಾಗುತ್ತದೆ. ಅದಕ್ಕೇ ಕೆಲವು ಡಾಕ್ಟರು ಕಾದು ನೋಡುತ್ತಾರೆ. ಆದರೆ ‘ಇದ್ದು ಏನು ಪ್ರಯೋಜನ’ ಎಂಬ ಮಾತು ಬಂದಮೇಲೆ ಕಾಯುವ ಹಾಗಿಲ್ಲ. ಆ ಮಾತನ್ನು ಡಾಕ್ಟರಿಗೆ ಹಾಗೇ, ಅದೇ ಶಬ್ದದಲ್ಲಿ ಹೇಳಿ. ತೋಟಕ್ಕೆ ಹೊಡೆಯುವ ಔಷಧಿ ಎಲ್ಲ ಬೀಗದೊಳಗೆ ಹೋಗಲಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ. ಈ ಪತ್ರಿಕೆ ಕೈಗೆ ಸಿಗುವಷ್ಟರಲ್ಲಿ ಹೋಗಿರದಿದ್ದರೆ, ಓದಿದ ದಿನವೇ ಹೊರಡಿ.

ಪ್ರಶ್ನೆ: ನಾನು ಕಾರವಾರದ ಬೋಟಿನಲ್ಲಿ ಕೆಲಸ ಮಾಡುತ್ತೇನೆ, ವಯಸ್ಸು 25. ಬೋಟ್ ಬಂದ್ ಇರುವ ಜೂನ್, ಜುಲೈ ಮಾತ್ರ ಸೊಪ್ಪು ಸೇದುವುದು. ಬೇರೆ ದಿನ ಮುಟ್ಟುವುದಿಲ್ಲ. ಎರಡು ವರ್ಷದಿಂದ ಆ ದಿನಗಳಲ್ಲಿ ಯಾರೋ ನನ್ನನ್ನು ಹಿಂಬಾಲಿಸುತ್ತಾರೆ ಅನಿಸುತ್ತದೆ, ಹೆಸರು ಹಿಡಿದು ಕರೆದಂತೆ ಕೇಳುತ್ತದೆ. ಆಗಸ್ಟಿನಲ್ಲಿ ಕಡಲಿಗೆ ಹೋದಮೇಲೆ ಎಲ್ಲ ಸರಿ. ಇದು ಕಾಯಿಲೆಯಾ? ಮನೆಯಲ್ಲಿ ಗೊತ್ತಿಲ್ಲ.
– ಕಾರವಾರ

ಉತ್ತರ: ತಮ್ಮಾ, ನೀನೇ ಗಮನಿಸಿ ಬರೆದದ್ದಕ್ಕೆ ಖುಷಿಯಾಯಿತು. ಹೆಚ್ಚಿನವರನ್ನು ಬೇರೆಯವರು ಎಳೆದುಕೊಂಡು ಬರುತ್ತಾರೆ. ಸೇದಿದಾಗ ಬಂದು, ಬಿಟ್ಟಾಗ ಹೋಗುತ್ತಿದೆ ಅಂದರೆ ಈಗಿನ ಮಟ್ಟಿಗೆ ಅದು ಗಾಂಜಾದಿಂದ ಬಂದ ಭ್ರಮೆ ಇರಬೇಕು. ಮೇಲೆ ಅಂಕೋಲಾದ ಹುಡುಗನ ವಿಷಯ ಓದಿದೆಯಲ್ಲ, ಅವನಿಗೂ ನಿನಗೂ ಇರುವ ವ್ಯತ್ಯಾಸ ಇಷ್ಟೇ. ಆದರೆ ಬಂದು ಹೋಗುವುದು ಅಂತ ಹಗುರ ಮಾಡಬೇಡ. ಗಾಂಜಾ ಸೇದಿ ಆಸ್ಪತ್ರೆ ಸೇರುವಷ್ಟು ಭ್ರಮೆ ಬಂದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನೆಲ್ಲ ಕೂಡಿಸಿ 2020ರಲ್ಲಿ ಲೆಕ್ಕ ಹಾಕಿದರು. ಸುಮಾರು ಮೂವರಲ್ಲಿ ಒಬ್ಬರಿಗೆ ಮುಂದೆ ಅದು ಸ್ಕಿಜೋಫ್ರೇನಿಯಾ ಆಗಿತ್ತು. ನಿನ್ನದು ಅಷ್ಟು ಜೋರಾಗಿಲ್ಲ. ಅದಕ್ಕೇ ಈಗಲೇ ನಿಲ್ಲಿಸು ಅನ್ನುತ್ತಿರುವುದು. ‘ಗಿಡದ ಸೊಪ್ಪು, ಏನೂ ಆಗೂದಿಲ್ಲ’ ಎಂದು ಹೇಳುವ ಗೆಳೆಯರ ತಲೆ ಬೇರೆ, ನಿನ್ನ ತಲೆ ಬೇರೆ. ನಿನ್ನದು ಎರಡು ಸಲ ಹೇಳಿಬಿಟ್ಟಿದೆ.

ಮೀನುಗಾರಿಕೆ ನಿಷೇಧದಿಂದ ಬೋಟ್ ಬಂದ್ ಇರುವುದು ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಕೈಯಲ್ಲಿ ಕೆಲಸ ಇಲ್ಲ, ಹೊರಗೆ ಮಳೆ, ಬಲೆ ರಿಪೇರಿ ಎಷ್ಟು ದಿನ ಮಾಡಬಹುದು? ಆ 61 ದಿನ ಯಾರ ಜೊತೆ, ಎಲ್ಲಿ ಇರುತ್ತೀಯ ಎಂದು ಈಗಲೇ ಒಂದು ಏರ್ಪಾಡು ಬೇಕು. ಅದನ್ನು ಕೂತು ಮಾತಾಡಲು ಮೇ ತಿಂಗಳಲ್ಲೇ ಮನೋರೋಗ ವಿಭಾಗಕ್ಕೆ ಒಮ್ಮೆ ಹೋಗು. ಮನೆಯವರಿಗೆ ಹೇಳದೆ ಒಬ್ಬನೇ ಹೋಗಬಹುದು. ನೀನು ಹೇಳಿದ್ದನ್ನು ಡಾಕ್ಟರು ಹಾಗೆಲ್ಲ ಹೊರಗೆ ಹೇಳುವಂತಿಲ್ಲ. ಚೀಟಿ ಮಾಡಿಸುವ ಕಿಟಕಿಯಲ್ಲಿ ಏನು ತೊಂದರೆ ಎಂದು ಕೇಳಿದರೆ ‘ನಿದ್ದೆ ಇಲ್ಲ’ ಅಂದರೆ ಸಾಕು. ಉಳಿದದ್ದು ಒಳಗೆ ಹೋಗಿ ಹೇಳು.